ಬಿದ್ದ ಮೇಲಿನ ಬದುಕು: ಹೋಗದ ನೋವನ್ನು ಇಟ್ಟುಕೊಂಡೇ ದಿನ ನಡೆಸುವುದು ಹೇಗೆ

ಆರು ವರ್ಷದ ಹಿಂದೆ ನಾನು ಅಡಿಕೆ ಮರದಿಂದ ಬಿದ್ದೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ. ಎರಡು ದಿನ ಮಳೆ ಬಿಟ್ಟು ಹೊಳವಾಗಿತ್ತು. ಮರ ಹತ್ತುವವನು ಬಂದಿರಲಿಲ್ಲ, ಮತ್ತೆ ಮಳೆ ಹಿಡಿದರೆ ಫಸಲೆಲ್ಲ ಉದುರಿ ಹೋಗುತ್ತದೆ ಎಂಬ ಗಡಿಬಿಡಿಯಲ್ಲಿ ನಾನೇ ಹತ್ತಿದೆ. ಮರದಲ್ಲಿ ಹಾವಸೆ ಕಟ್ಟಿ ಜಾರುತ್ತಿತ್ತು. ಸೊಂಟದ ಮೇಲೆ ಬೆನ್ನುಮೂಳೆ ಒಡೆಯಿತು. ಡಾಕ್ಟರು ಅದನ್ನು ಎಲ್1, ಅಂದರೆ ಸೊಂಟದ ಭಾಗದ ಮೊದಲ ಮೂಳೆ ಎಂದರು. ರಾಡು, ಸ್ಕ್ರೂ ಹಾಕಿದರು.

ಈಗ ನನ್ನ ಎಡಪಾದ ಮೇಲೇಳುವುದಿಲ್ಲ. ಅಂಗಾಲಿಗೆ ಏನು ತಾಗಿದರೂ ಗೊತ್ತಾಗುವುದಿಲ್ಲ. ಆದರೆ ಅದೇ ಕಾಲು ಮೊಣಕಾಲಿನಿಂದ ಕೆಳಗೆ ಹಗಲೂ ರಾತ್ರಿ ಉರಿಯುತ್ತದೆ, ಹಸಿಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಊರುಗೋಲು ಹಿಡಿದು ಅಂಗಳದವರೆಗೆ ನಡೆಯುತ್ತೇನೆ, ಪೇಟೆಗೆ ಹೋದರೆ ವೀಲ್‌ಚೇರ್ ಬೇಕು.

ಮರದಿಂದ ಬಿದ್ದವರು, ಬೈಕಿನಿಂದ ಬಿದ್ದವರು, ಕಟ್ಟಡದ ಸಾರುವೆಯಿಂದ ಬಿದ್ದವರು, ಆಸ್ಪತ್ರೆಯಿಂದ ಮನೆಗೆ ಬಂದು "ಇನ್ನು ಮುಂದೆ ಏನು" ಎಂದು ಸೂರು ನೋಡುತ್ತಾ ಮಲಗಿರುವವರು, ಅವರ ಮನೆಯವರು, ಇವರಿಗೆಲ್ಲ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಔಷಧಿ ವಿಷಯದಲ್ಲಿ ನಿಮ್ಮ ಡಾಕ್ಟರು ಹೇಳಿದ್ದೇ ಕೊನೆ. ಆದರೆ ಡಾಕ್ಟರ ಹತ್ತಿರ ನಾವು ಕೂರುವುದು ಹತ್ತು ನಿಮಿಷ, ಉಳಿದ ದಿನವೆಲ್ಲ ನೋವಿನ ಜೊತೆ ನಾವೇ ಇರಬೇಕು. ಆ ಉಳಿದ ದಿನದ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು, ಈ ನೋವು ಯಾವ ಜಾತಿಯದು ಅಂತ ತಿಳಿದುಕೊಳ್ಳಿ

ಕೈ ಕೊಯ್ದುಕೊಂಡರೆ ನೋಯುತ್ತದೆ, ಗಾಯ ಮಾಗಿದ ಮೇಲೆ ನೋವೂ ಹೋಗುತ್ತದೆ. ನಮಗೆಲ್ಲ ಗೊತ್ತಿರುವ ನೋವು ಇದು. ಮೂರು ತಿಂಗಳು ದಾಟಿದ ಮೇಲೂ ಉಳಿದ ನೋವನ್ನು ಡಾಕ್ಟರು ದೀರ್ಘಕಾಲದ ನೋವು ಎನ್ನುತ್ತಾರೆ. ಅದರ ರೀತಿಯೇ ಬೇರೆ.

ನಮ್ಮ ಫಿಸಿಯೋಥೆರಪಿ ಮೇಡಂ ಇದನ್ನು ವಿವರಿಸಿದ ಮೇಲೆ ನಾನು ಅದನ್ನು ನನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡೆ. ಮನೆಗೆ ಒಮ್ಮೆ ಕಳ್ಳ ಬಂದು ಹೋದ ಎಂದುಕೊಳ್ಳಿ. ಆಮೇಲೆ ನಾಯಿ ತರಗೆಲೆ ಬಿದ್ದರೂ ಬೊಗಳುತ್ತದೆ. ಬೊಗಳುವುದು ಸುಳ್ಳಲ್ಲ, ನಿಮ್ಮ ನಿದ್ದೆ ಹೋಗುವುದೂ ಸುಳ್ಳಲ್ಲ, ಆದರೆ ಅಂಗಳದಲ್ಲಿ ಕಳ್ಳ ಇಲ್ಲ. ಪೆಟ್ಟು ತಿಂದ ನರಗಳು, ಅವುಗಳ ಸುದ್ದಿ ಕೇಳುವ ಮಿದುಳು, ಎರಡೂ ಹಾಗೇ ಆಗುತ್ತವೆ. ಸಣ್ಣ ತಾಗುವಿಕೆಯನ್ನೂ ದೊಡ್ಡ ಅಪಾಯ ಎಂದು ಕೂಗುತ್ತವೆ.

ಇದು ಗೊತ್ತಾಗುವ ಮೊದಲು ನನಗೆ ನೋವು ಜಾಸ್ತಿಯಾದಾಗಲೆಲ್ಲ ಒಳಗೆ ಸ್ಕ್ರೂ ಸಡಿಲವಾಯಿತೇನೋ ಎಂಬ ಹೆದರಿಕೆ. ಹೆದರಿ ಅಲ್ಲಾಡದೆ ಮಲಗುತ್ತಿದ್ದೆ. ಮಲಗಿದಷ್ಟೂ ಮೈ ಬಿಗಿಯಿತು, ತೊಡೆ ಸೊರಗಿತು, ನೋವು ಇನ್ನೂ ಹೆಚ್ಚಿತು. ಹೀಗೆ ಎಂಟು ತಿಂಗಳು ಹಾಳಾಯಿತು. ಅದಕ್ಕೇ ಹೇಳುತ್ತೇನೆ, ಡಾಕ್ಟರ ಹತ್ತಿರ ಒಂದು ಪ್ರಶ್ನೆ ನೇರವಾಗಿ ಕೇಳಿ: "ಈ ನೋವು ಬಂದಾಗ ಒಳಗೆ ಏನಾದರೂ ಹಾಳಾಗುತ್ತಿದೆಯಾ, ಅಥವಾ ನೋವು ಮಾತ್ರವಾ? ನಾನು ಏನು ಮಾಡಬಹುದು, ಏನು ಮಾಡಬಾರದು?" ಉತ್ತರವನ್ನು ಬರೆದಿಟ್ಟುಕೊಳ್ಳಿ. ಮನಸ್ಸಿಗೆ ಆಗುವ ಧೈರ್ಯವೇ ಅರ್ಧ ಔಷಧಿ.

ಕೆಲವು ಸಂಗತಿಗಳಿಗೆ ಮಾತ್ರ ತಡ ಮಾಡಬಾರದು. ಕಾಲಿನ ಬಲ ಇದ್ದಕ್ಕಿದ್ದಂತೆ ಇನ್ನಷ್ಟು ಕಡಿಮೆಯಾದರೆ, ಮೂತ್ರ ಅಥವಾ ಮಲದ ಹಿಡಿತ ಹೊಸದಾಗಿ ತಪ್ಪಿದರೆ, ಕೂರುವ ಜಾಗ ಹೊಸದಾಗಿ ಮರಗಟ್ಟಿದರೆ, ಜ್ವರದ ಜೊತೆ ಬೆನ್ನುನೋವು ಬಂದರೆ, ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಎದೆಯ ಮಟ್ಟದಲ್ಲಿ ಅಥವಾ ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆ ಇನ್ನೂ ಒಂದು ಎಚ್ಚರಿಕೆ ಬೇಕು. ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪಾಗಿ ಬೆವರಿದರೆ ಬಿಪಿ ವಿಪರೀತ ಏರಿದೆ ಎಂದು ಅರ್ಥ. ಹೆಚ್ಚಾಗಿ ಮೂತ್ರಕೋಶ ತುಂಬಿದ್ದರಿಂದ ಅಥವಾ ಮೂತ್ರದ ಪೈಪು ಮಡಚಿದ್ದರಿಂದ ಹೀಗಾಗುತ್ತದೆ. ತಕ್ಷಣ ಎಬ್ಬಿಸಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರ ಖಾಲಿ ಮಾಡಿಸಿ, ಡಾಕ್ಟರಿಗೆ ಫೋನು ಮಾಡಿ. ಮನೆಯವರಿಗೆಲ್ಲ ಇದು ಬಾಯಿಪಾಠ ಆಗಿರಬೇಕು.

ಸರಿಯಾದ ಡಾಕ್ಟರು, ಸರಿಯಾದ ಮಾತ್ರೆ

ಆಪರೇಷನ್ ಮಾಡಿದ ಡಾಕ್ಟರ ಕೆಲಸ ಮೂಳೆ ಕೂಡಿಸುವುದು. ಆಮೇಲಿನ ಬದುಕಿಗೆ ಬೇರೆಯೇ ಡಾಕ್ಟರಿದ್ದಾರೆ. ಫಿಸಿಕಲ್ ಮೆಡಿಸಿನ್ ಮತ್ತು ರಿಹ್ಯಾಬಿಲಿಟೇಷನ್, ಸುಮ್ನೆ ಪಿಎಂಆರ್ ಅಂತಾರೆ. ಎಷ್ಟೋ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಈ ವಿಭಾಗ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಗಳ ಪುನಶ್ಚೇತನಕ್ಕೇ ಬೇರೆ ವಿಭಾಗ ಇದೆ. 1959ರಿಂದ ಕೆಲಸ ಮಾಡುತ್ತಿರುವ ಎಪಿಡಿ, ಅಂದರೆ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆ, ಬೆನ್ನುಹುರಿ ಪೆಟ್ಟಾದವರಿಗೆ ತರಬೇತಿ ಕೊಡುತ್ತದೆ. ನಾನು ಇಂಥ ಡಾಕ್ಟರ ಹತ್ತಿರ ಹೋಗಿದ್ದು ಬಿದ್ದು ಒಂದು ವರ್ಷದ ಮೇಲೆ, ಯಾರೂ ಹೇಳಿರಲಿಲ್ಲ. ನೀವು ಡಿಸ್ಚಾರ್ಜ್ ದಿನವೇ ಕೇಳಿ.

ನರದ ಉರಿಗೆ ಸಾಮಾನ್ಯ ನೋವಿನ ಮಾತ್ರೆ ಅಷ್ಟಾಗಿ ಕೇಳುವುದಿಲ್ಲ. ಅದಕ್ಕೆ ಗಾಬಾಪೆಂಟಿನ್, ಪ್ರಿಗಾಬಾಲಿನ್, ಅಮಿಟ್ರಿಪ್ಟಿಲಿನ್ ಥರದ ಮಾತ್ರೆ ಕೊಡುತ್ತಾರೆ. ಕೊನೆಯದು ಖಿನ್ನತೆಗೂ ಕೊಡುವ ಮಾತ್ರೆ. ಹಾಗಾಗಿ ಮೆಡಿಕಲ್ ಶಾಪಿನವರೋ ನೆಂಟರೋ "ಇದು ತಲೆಗೆ ಕೊಡೋ ಮಾತ್ರೆ ಅಲ್ವಾ" ಎಂದರೆ ಗಾಬರಿ ಬೀಳಬೇಡಿ, ನರದ ನೋವಿಗೂ ಅದನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಮೊದಮೊದಲು ಮಂಪರು ಬರುತ್ತದೆ. ಕೆಲಸ ಮಾಡಲು ಕೆಲವು ವಾರ ಹಿಡಿಯಬಹುದು. ಗುಣ ಕಾಣಲಿಲ್ಲ ಅಂತ ನಾಲ್ಕೇ ದಿನಕ್ಕೆ ಬಿಡಬೇಡಿ, ಬಿಡುವುದಾದರೂ ಡಾಕ್ಟರಿಗೆ ಹೇಳಿ ನಿಧಾನ ಇಳಿಸಿ.

ಡೈಕ್ಲೋಫೆನಾಕ್ ಇಂಜೆಕ್ಷನ್ನಿನ ಬಗ್ಗೆ ಒಂದು ಮಾತು. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ನನಗೆ ವಾರಕ್ಕೆ ಮೂರು ಸಲ ಚುಚ್ಚುತ್ತಿದ್ದರು, ಐದು ತಿಂಗಳು. ಎರಡು ಗಂಟೆ ಹಾಯೆನಿಸುತ್ತಿತ್ತು, ಆಮೇಲೆ ಮೊದಲಿನ ಹಾಗೇ. ಹೊಟ್ಟೆಯಲ್ಲಿ ಹುಣ್ಣಾಯಿತು. ಇಂಥ ಔಷಧಿ ತಿಂಗಳುಗಟ್ಟಲೆ ತೆಗೆದುಕೊಂಡರೆ ಕಿಡ್ನಿಗೂ ಪೆಟ್ಟು ಬೀಳುತ್ತದೆ. ಹೆಸರಿಲ್ಲದ ಪುಡಿ, ಪೊಟ್ಟಣದಲ್ಲಿ ಕಟ್ಟಿಕೊಡುವ ಬಿಡಿ ಮಾತ್ರೆ ಅಂತೂ ಮುಟ್ಟಲೇಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೂ ನಿಮಗೆ ಗೊತ್ತಾಗುವುದಿಲ್ಲ. ರಾಡು ಹಾಕಿದ ಬೆನ್ನನ್ನು ಲಟಿಕೆ ತೆಗೆಯುತ್ತೇನೆ ಎನ್ನುವವರ ಕೈಗೂ ಕೊಡಬೇಡಿ.

ಕೆಲಸ ನಿಲ್ಲಿಸುವುದನ್ನು ನೋವಿಗೆ ಬಿಡಬೇಡಿ, ಗಡಿಯಾರಕ್ಕೆ ಬಿಡಿ

ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಿ.

ನಮ್ಮ ಕಡೆ ಕೆಲಸದ ರೀತಿ ನಿಮಗೆ ಗೊತ್ತು. ಹಿಡಿದ ಕೆಲಸ ಮುಗಿಸದೆ ಏಳಬಾರದು. ನಾನೂ ಹಾಗೇ ಬೆಳೆದವನು. ಬಿದ್ದ ಎರಡನೇ ವರ್ಷ ಸುಗ್ಗಿಯಲ್ಲಿ ಒಂದು ದಿನ ಮೈ ಸ್ವಲ್ಪ ಹಗುರ ಇತ್ತು. ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂತೆ. ಎಲ್ಲರೂ ಮಾತಾಡುತ್ತಾ ಸುಲಿಯುತ್ತಿದ್ದರು, ಎಷ್ಟೋ ದಿನದ ಮೇಲೆ ನಾನೂ ಅವರ ಜೊತೆ ಕೂತಿದ್ದೆ, ಏಳಲು ಮನಸ್ಸೇ ಬರಲಿಲ್ಲ. ಮೂರು ಗಂಟೆ ಕೂತೆ. ಆಮೇಲೆ ನಾಲ್ಕು ದಿನ ಹಾಸಿಗೆ. ಐದನೇ ದಿನ ಎದ್ದೆ, ಕಳೆದ ದಿನಗಳದ್ದನ್ನೂ ಸೇರಿಸಿ ಮಾಡಿಬಿಡೋಣ ಅಂತ ಮತ್ತೆ ಕೂತೆ. ಮತ್ತೆ ಹಾಸಿಗೆ. ಇಂಥ ಸುತ್ತಿನಲ್ಲಿ ಸಿಕ್ಕವರು ತಿಂಗಳಿಂದ ತಿಂಗಳಿಗೆ ಕಡಿಮೆ ಕೆಲಸ ಮಾಡುತ್ತಾ ಹೋಗುತ್ತಾರೆ. ಮನಸ್ಸಿಗೂ "ನನ್ನಿಂದ ಆಗದು" ಎಂಬುದು ಗಟ್ಟಿಯಾಗುತ್ತದೆ.

ಇದರಿಂದ ಹೊರಗೆ ಬರುವುದು ಹೀಗೆ. ಒಂದು ಕೆಲಸ ಆರಿಸಿಕೊಳ್ಳಿ: ಕೂರುವುದು, ನಿಲ್ಲುವುದು, ನಡೆಯುವುದು, ತರಕಾರಿ ಹೆಚ್ಚುವುದು, ಕಂಪ್ಯೂಟರ್ ಮುಂದೆ ಇರುವುದು, ಯಾವುದಾದರೂ ಸರಿ. ನೋವು ಏರಲು ಶುರುವಾಗುವುದು ಎಷ್ಟು ನಿಮಿಷಕ್ಕೆ ಅಂತ ಮೂರು ದಿನ ನೋಡಿ. ಒಳ್ಳೆಯ ದಿನ ಒಂದು, ಕೆಟ್ಟ ದಿನ ಒಂದು ಇದ್ದರೆ ಇನ್ನೂ ಒಳ್ಳೆಯದು. ನನಗೆ ಕೂರುವುದು 25, 15, 20 ನಿಮಿಷ ಬಂತು. ಸರಾಸರಿ 20. ಅದರಲ್ಲಿ ಐದನೇ ಒಂದು ಭಾಗ ಕಳೆಯಿರಿ, 16 ಆಯಿತು. ನಾನು 15 ಅಂತ ಇಟ್ಟುಕೊಂಡೆ. ಇನ್ನು ಮುಂದೆ ಎಷ್ಟೇ ಹಾಯೆನಿಸಿದರೂ 15 ನಿಮಿಷಕ್ಕೆ ಏಳುವುದು, ಎಷ್ಟೇ ಬೇಜಾರಿದ್ದರೂ, ಮೈ ತೀರಾ ಕೆಟ್ಟ ದಿನ ಬಿಟ್ಟು, 15 ನಿಮಿಷ ಕೂರುವುದು. ನಡುವೆ ಐದೋ ಹತ್ತೋ ನಿಮಿಷ ಮಲಗಿ ಅಥವಾ ಬೇರೆ ಭಂಗಿ ಬದಲಿಸಿ.

ಒಳ್ಳೆಯ ದಿನ ನಿಲ್ಲಿಸುವುದೇ ತುಂಬಾ ಕಷ್ಟ. ಕೈಯಲ್ಲಿ ಅರ್ಧ ಸುಲಿದ ಅಡಿಕೆ ಇರುತ್ತದೆ, ಟೈಮರ್ ಕೂಗುತ್ತದೆ, ಇದೊಂದು ಬುಟ್ಟಿ ಮುಗಿಸೋಣ ಅನ್ನಿಸುತ್ತದೆ. ಏಳಿ. ನೋವು ಬಂದ ಮೇಲೆ ನಿಲ್ಲಿಸಿದರೆ ಕೆಲಸ ಅಂದರೆ ನೋವು ಎಂದು ಮೈ ಕಲಿಯುತ್ತದೆ. ನೋವು ಏರುವ ಮೊದಲೇ ನಿಲ್ಲಿಸಿದರೆ ನಾಯಿ ಎಚ್ಚರವೇ ಆಗುವುದಿಲ್ಲ.

ಒಂದು ವಾರ ಸರಿಯಾಗಿ ನಡೆದರೆ ಒಂದೋ ಎರಡೋ ನಿಮಿಷ ಏರಿಸಿ. ಅಷ್ಟೇ. ನನಗೆ 15 ನಿಮಿಷದಿಂದ 45ಕ್ಕೆ ಬರಲು ವರ್ಷದ ಮೇಲೆ ಹಿಡಿಯಿತು. 45 ನಿಮಿಷ ಅಂದರೆ ಮದುವೆ ಮನೆಯಲ್ಲಿ ಕೂತು ಊಟ ಮಾಡಿ ಬರಬಹುದು, ಬ್ಯಾಂಕಿನಲ್ಲಿ ಕಾಯಬಹುದು, ಮಗಳ ಶಾಲೆಯ ಮೀಟಿಂಗಿಗೆ ಹೋಗಬಹುದು. ಮೊದಲ ಸಲ ಆ ಮೀಟಿಂಗಿಗೆ ಹೋಗಿ ಬಂದ ದಿನ ನೋವು ಇರಲಿಲ್ಲ ಅಂತಲ್ಲ. ನೋವಿತ್ತು, ನಾನೂ ಅಲ್ಲಿದ್ದೆ.

ಮನೆಯವರಿಗೆ ಈ ಲೆಕ್ಕ ಬಿಡಿಸಿ ಹೇಳಿ. ಇಲ್ಲದಿದ್ದರೆ "ಈಗಷ್ಟೇ ಕೂತಿದ್ದೆ, ನಗ್ತಾ ಮಾತಾಡ್ತಿದ್ದೆ, ಆಗಲೇ ಎದ್ಯಾ" ಅಂತಾರೆ. ಅಪ್ಪ ಮೊದಲು ಹಾಗೇ ಅನ್ನುತ್ತಿದ್ದರು. ಈಗ ಟೈಮರ್ ಕೂಗಿದ ತಕ್ಷಣ ಅವರೇ "ಏಳೋ ತಮಾ, ಟೈಮಾತು" ಅಂತಾರೆ.

ಸ್ಪರ್ಶ ಇಲ್ಲದ ಜಾಗವನ್ನು ಕಣ್ಣಿನಿಂದ ಕಾಯಿರಿ

ನೋವಿರುವ ಕಡೆ ನಾವು ಗಮನ ಕೊಡುತ್ತೇವೆ. ಅಪಾಯ ಇರುವುದು ನೋವಿಲ್ಲದ ಕಡೆ.

ಮೊದಲ ಚಳಿಗಾಲದಲ್ಲಿ ಕಾಲು ಉರಿಯುತ್ತದೆ ಅಂತ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದೆ. ಬೆಳಿಗ್ಗೆ ಕಂಬಳಿಗೆ ಏನೋ ಅಂಟಿಕೊಂಡಂತಿತ್ತು. ಹೆಂಡತಿ ಕಂಬಳಿ ಎತ್ತಿ ನೋಡಿದಳು, ಹಿಮ್ಮಡಿಯ ಪಕ್ಕ ಅಂಗೈಯಗಲ ಬೊಬ್ಬೆ ಒಡೆದು ಚರ್ಮ ಸುಲಿದಿತ್ತು. ನನಗೆ ಏನೇನೂ ಗೊತ್ತಾಗಿರಲಿಲ್ಲ. ಮಾಗಲು ನಾಲ್ಕು ತಿಂಗಳು ಬೇಕಾಯಿತು. ಸ್ಪರ್ಶ ಇಲ್ಲದ ಜಾಗಕ್ಕೆ ಬಿಸಿ ಇಡಬಾರದು ಎಂದು ಆಸ್ಪತ್ರೆಯಲ್ಲಿ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಹಾಗಾಗಿ ನೀವು ಈಗಲೇ ಶುರು ಮಾಡಿ. ಬಿಸಿ ಚೀಲ, ಒಲೆಯ ಕಾವು, ಮಂಜುಗಡ್ಡೆ ಯಾವುದೂ ಆ ಜಾಗಕ್ಕೆ ಬೇಡ. ಸ್ನಾನದ ನೀರನ್ನು ಸ್ಪರ್ಶ ಇರುವ ಕೈಯಿಂದ ಮುಟ್ಟಿ ನೋಡಿಯೇ ಸುರಿದುಕೊಳ್ಳಿ. ದಿನಾ ರಾತ್ರಿ ಕೈಗನ್ನಡಿ ಹಿಡಿದು ಅಂಗಾಲು, ಹಿಮ್ಮಡಿ, ಕುಂಡಿ, ಬೆನ್ನಿನ ಕೆಳಭಾಗ ನೋಡಿಕೊಳ್ಳಿ. ಚರ್ಮದ ಬಣ್ಣ ಬದಲಾಗಿ ಒತ್ತಿ ಬಿಟ್ಟರೂ ಮೊದಲಿನಂತೆ ಆಗದಿದ್ದರೆ ಅದು ಒತ್ತುಹುಣ್ಣಿನ ಶುರು. ನಮ್ಮ ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಸುತ್ತಲಿಗಿಂತ ಕಪ್ಪಾಗಿ ಅಥವಾ ನೇರಳೆಯಾಗಿ ಕಾಣಬಹುದು, ಮುಟ್ಟಿದರೆ ಬಿಸಿ ಅಥವಾ ಗಟ್ಟಿ ಅನ್ನಿಸಬಹುದು. ಆ ಜಾಗದ ಮೇಲೆ ಭಾರ ಬಿಡಲೇಬೇಡಿ, ಡಾಕ್ಟರಿಗೆ ತೋರಿಸಿ. ಹಾಸಿಗೆಯಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ವೀಲ್‌ಚೇರಿನಲ್ಲಿ ಕೂರುವವರು 15ರಿಂದ 20 ನಿಮಿಷಕ್ಕೊಮ್ಮೆ ಕೈ ಊರಿ ಮೈ ಎತ್ತಬೇಕು, ಆಗದಿದ್ದರೆ ಮುಂದಕ್ಕೋ ಪಕ್ಕಕ್ಕೋ ಬಾಗಬೇಕು.

ಮೂತ್ರದ ವಿಷಯ ಮಾತಾಡಲು ನಾಚಿಕೆಪಟ್ಟು ಎಷ್ಟೋ ಜನ ಕಿಡ್ನಿ ಕೆಡಿಸಿಕೊಂಡಿದ್ದಾರೆ. ಪೂರ್ತಿ ಖಾಲಿಯಾಗುತ್ತಿಲ್ಲ ಎಂದರೆ ದಿನಕ್ಕೆ ಇಷ್ಟು ಸಲ ಅಂತ ಶುದ್ಧ ಪೈಪು ಹಾಕಿಕೊಂಡು ಖಾಲಿ ಮಾಡುವುದನ್ನು ಕಲಿಸುತ್ತಾರೆ. ಕೇಳಲು ಭಯ ಅನ್ನಿಸುತ್ತದೆ, ಕಲಿತ ಮೇಲೆ ಐದು ನಿಮಿಷದ ಕೆಲಸ. ನೀರು ಕಡಿಮೆ ಕುಡಿಯುವುದು ಉಪಾಯ ಅಲ್ಲ, ಅದರಿಂದ ಸೋಂಕು ಹೆಚ್ಚುತ್ತದೆ. ಗಂಡ ಹೆಂಡತಿಯ ಸಂಬಂಧದ ಬಗ್ಗೆಯೂ ಪಿಎಂಆರ್ ಡಾಕ್ಟರ ಹತ್ತಿರ ಕೇಳಬಹುದು, ಅವರಿಗೆ ಅದು ದಿನನಿತ್ಯದ ಪ್ರಶ್ನೆ.

ಮನೆಯನ್ನು ಸ್ವಲ್ಪ ಬದಲಿಸಿ

ಹಳೆಯ ಮನೆಗಳಲ್ಲಿ ಹೆಜ್ಜೆಗೊಂದು ಹೊಸ್ತಿಲು. ಜಗಲಿ ಎತ್ತರ, ಬಚ್ಚಲು ತಗ್ಗು. ಎಲ್ಲವನ್ನೂ ಒಡೆಯಬೇಕಿಲ್ಲ. ಮೊದಲು ಬಚ್ಚಲು, ಪಾಯಿಖಾನೆ ಸರಿಮಾಡಿ, ಏಕೆಂದರೆ ಮತ್ತೆ ಬೀಳುವುದು ಅಲ್ಲೇ. ಗೋಡೆಗೆ ಹಿಡಿಕೆ, ಜಾರದ ನೆಲ, ಕೂತು ಸ್ನಾನ ಮಾಡಲು ಗಟ್ಟಿ ಸ್ಟೂಲು. ಕಮೋಡ್ ಕಟ್ಟಿಸಲು ದುಡ್ಡಿಲ್ಲದಿದ್ದರೆ ನಡುವೆ ತೂತಿರುವ ಕಮೋಡ್ ಕುರ್ಚಿಯನ್ನು ಇದ್ದ ಪಾಯಿಖಾನೆಯ ಮೇಲೇ ಇಡಬಹುದು. ಕುರ್ಚಿಯ ಪ್ಲಾಸ್ಟಿಕ್ ತೂತಿನ ಅಂಚು ಚೂಪಾಗಿದ್ದರೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ಚರ್ಮ ಕೊರೆಯುತ್ತದೆ.

ವೀಲ್‌ಚೇರಿಗೆ ಇಳಿಜಾರು ಕಟ್ಟುವಾಗ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಜಾಗ ಇಲ್ಲ ಅಂತ ಮೇಸ್ತ್ರಿ ನಾಲ್ಕು ಅಡಿಗೆ ಮುಗಿಸುತ್ತೇನೆ ಅಂದರೆ ಒಪ್ಪಬೇಡಿ, ಅದರಲ್ಲಿ ಹತ್ತಲಿಕ್ಕೂ ಆಗದು, ಮಳೆಗಾಲದಲ್ಲಿ ಇಳಿಯುವುದಂತೂ ಅಪಾಯ. ನಿತ್ಯ ಬೇಕಾದ ವಸ್ತುಗಳನ್ನು ಸೊಂಟಕ್ಕೂ ಹೆಗಲಿಗೂ ನಡುವಿನ ಎತ್ತರದಲ್ಲಿ ಇಡಿ. ರಾತ್ರಿ ಓಡಾಡುವ ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯಲಿ.

ನಿದ್ದೆಗೂ ಮನೆಯವರ ಸಹಾಯ ಬೇಕು. ನಿದ್ದೆ ಕೆಟ್ಟ ರಾತ್ರಿಯ ಮರುದಿನ ನೋವು ಜಾಸ್ತಿ, ಇದು ನನಗೆ ತಪ್ಪದೆ ಆಗುತ್ತದೆ. ಮಗ್ಗಲಾಗಿ ಮಲಗಿ ಮೊಣಕಾಲುಗಳ ನಡುವೆ ದಿಂಬು ಇಟ್ಟರೆ ಸೊಂಟಕ್ಕೆ ಆರಾಮ. ಹಗಲು ಮಲಗಿದರೂ ಅರ್ಧ ಗಂಟೆ ಮೀರಬೇಡಿ. ಮಧ್ಯರಾತ್ರಿ ಎಚ್ಚರವಾದರೆ ಮೊಬೈಲ್ ಹಿಡಿಯಬೇಡಿ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿ, ನಾಲ್ಕು ಎಣಿಸುತ್ತಾ ಎಳೆದು ಆರು ಎಣಿಸುತ್ತಾ ಬಿಡಿ. ಉರಿ ಹೋಗುವುದಿಲ್ಲ, ಉರಿಯ ಜೊತೆ ಬರುವ ತಳಮಳ ಇಳಿಯುತ್ತದೆ.

ಕೆಟ್ಟ ದಿನಕ್ಕೆ ಒಳ್ಳೆಯ ದಿನವೇ ತಯಾರಿ ಮಾಡಿ

ಎಷ್ಟು ಲೆಕ್ಕ ಹಾಕಿದರೂ ಕೆಲವು ದಿನ ನೋವು ಏಳುತ್ತದೆ. ಮೋಡ ಕಟ್ಟಿದ ದಿನ, ದೂರ ಪ್ರಯಾಣದ ಮರುದಿನ, ಮನೆಯಲ್ಲಿ ಜಗಳ ಆದ ದಿನ, ಕೆಲವೊಮ್ಮೆ ಕಾರಣವೇ ಇಲ್ಲದೆ. ಆ ಹೊತ್ತಿಗೆ ತಲೆ ಓಡುವುದಿಲ್ಲ. ಅದಕ್ಕೇ ಮೊದಲೇ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ನನ್ನ ಹಾಳೆಯಲ್ಲಿ ಹೀಗಿದೆ: ಡಾಕ್ಟರು ಹೇಳಿದ ಹೆಚ್ಚಿನ ಮಾತ್ರೆ ಯಾವುದು, ದಿನಕ್ಕೆ ಎಷ್ಟು ಮೀರಬಾರದು. ಯಾವ ಭಂಗಿಯಲ್ಲಿ ಮಲಗಬೇಕು. ಇವತ್ತು ಬಿಡಬಹುದಾದ ಕೆಲಸ ಯಾವುದು. ಮನೆಯೊಳಗೆ ಎರಡು ಗಂಟೆಗೊಮ್ಮೆ ಹತ್ತು ಹೆಜ್ಜೆ ನಡೆಯುವುದು, ಇದನ್ನು ಬಿಡುವಂತಿಲ್ಲ. ಯಾರಿಗೆ ಫೋನು ಮಾಡಬೇಕು. ಕೊನೆಗೆ ಹೆಂಡತಿ ತನ್ನ ಕೈಯಲ್ಲಿ ಒಂದು ಸಾಲು ಬರೆದಿದ್ದಾಳೆ: "ಹೋದ ಸಲ ಮೂರು ದಿನಕ್ಕೆ ಇಳಿದಿತ್ತು." ನೋವಿನ ಮಧ್ಯೆ ಇರುವವನಿಗೆ ಇದು ಇಳಿಯುತ್ತದೆ ಅನ್ನುವುದೇ ನೆನಪಿರುವುದಿಲ್ಲ, ಆ ಸಾಲು ಓದಿ ಎಷ್ಟು ಸಲ ಧೈರ್ಯ ತಂದುಕೊಂಡಿದ್ದೇನೋ.

ದಿನಗಟ್ಟಲೆ ಊಟ ಸೇರದೆ, ಯಾರ ಜೊತೆಯೂ ಮಾತು ಬೇಡವಾಗಿ, ಇದ್ದೂ ಏನು ಪ್ರಯೋಜನ ಎಂಬ ಯೋಚನೆ ಬರುತ್ತಿದ್ದರೆ ಅದನ್ನು ಒಳಗೇ ಇಟ್ಟುಕೊಳ್ಳಬೇಡಿ. ನನಗೂ ಬಂದಿತ್ತು. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರಲ್ಲಿ ಶುರುವಾಗಿದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಆರೈಕೆ ಮಾಡುವವರೂ ಮಾಡಬಹುದು, ಅವರ ದಣಿವನ್ನು ಯಾರೂ ಕೇಳುವುದಿಲ್ಲ ಅಲ್ವಾ.

ಕಾಗದಪತ್ರ

ಬೇಸರದ ಕೆಲಸ, ಆದರೆ ಮಾಡಲೇಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಯನ್ನು ಗುರುತಿಸುತ್ತದೆ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40 ಅಂತ ಪ್ರಮಾಣಪತ್ರ ಬೇಕು. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುತ್ತಾರೆ. ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ, ಎಂಆರ್‌ಐ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಟ್ಟು ತೆಗೆದುಕೊಂಡು ಹೋಗಿ. ಒಂದು ವಿಷಯ ಮೊದಲೇ ತಿಳಿದಿರಲಿ: ಅಲ್ಲಿ ಅಳೆಯುವುದು ಬಲ, ಚಲನೆ, ಸ್ಪರ್ಶ ಇಂಥವುಗಳನ್ನು. ನೋವನ್ನು ಅಳೆಯುವುದು ಕಷ್ಟ. ಹಾಗಾಗಿ "ನೋಯುತ್ತದೆ" ಅಂತಷ್ಟೇ ಹೇಳದೆ ಎಷ್ಟು ನಿಮಿಷ ನಿಲ್ಲಬಲ್ಲಿರಿ, ಮೆಟ್ಟಿಲು ಹತ್ತುವುದು, ಮೂತ್ರದ ತೊಂದರೆ ಇವನ್ನು ಒಂದೊಂದಾಗಿ ಹೇಳಿ.

ಹಳ್ಳಿಯವರಿಗೆ ದಾರಿ ತೋರಿಸಲು ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಹೆಚ್ಚಾಗಿ ಅವರೂ ಅಂಗವಿಕಲರೇ, ನಮ್ಮ ಕಷ್ಟ ಬಿಡಿಸಿ ಹೇಳಬೇಕಾಗುವುದಿಲ್ಲ. ಮಾಸಾಶನ, ವೀಲ್‌ಚೇರ್, ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸು, ಎಲ್ಲಕ್ಕೂ ಅವರ ಹತ್ತಿರ ಹೋಗಿ. ಪಾಸಿನಲ್ಲಿ ಊರಿನಿಂದ 100 ಕಿಲೋಮೀಟರ್ ಒಳಗೆ ಓಡಾಡಬಹುದು. ನನಗೆ ಫಿಸಿಯೋಥೆರಪಿ ತಪ್ಪದೆ ನಡೆದಿದ್ದು ಅದರಿಂದಲೇ.

ಸರ್ಕಾರಿ ನೌಕರಿಯಲ್ಲಿರುವವರು ಹೆದರಿ ರಾಜೀನಾಮೆ ಬರೆದುಕೊಡಬೇಡಿ. ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ, ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು ಎಂದು ಅದೇ ಕಾಯ್ದೆಯ 20ನೇ ಕಲಮಿನಲ್ಲಿದೆ. ಬ್ಯಾಂಕ್ ಪಾಸ್‌ಬುಕ್ಕನ್ನೂ ಒಮ್ಮೆ ನೋಡಿ. ವರ್ಷಕ್ಕೆ 20 ರೂಪಾಯಿ ಕಡಿತವಾಗುತ್ತಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇರಬಹುದು. ಅಪಘಾತದಲ್ಲಿ ಎರಡೂ ಕಾಲಿನ ಶಕ್ತಿ ಪೂರ್ತಿ ಹೋದರೆ 2 ಲಕ್ಷ, ಒಂದು ಕಾಲಿನದ್ದು ಹೋದರೆ 1 ಲಕ್ಷ ಸಿಗುತ್ತದೆ. ತಡ ಮಾಡದೆ ಬ್ಯಾಂಕಿಗೆ ಹೋಗಿ ಕೇಳಿ.

ಸ್ಕೂಟರಿಗೆ ಪಕ್ಕದ ಚಕ್ರ ಹಾಕಿಸಿದರೆ ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಮುಂದೆ ವಿಮೆಗೆ ತಕರಾರು ಬರುತ್ತದೆ.

ಜನ, ಮತ್ತು ನಿಮ್ಮ ಕೆಲಸ

"ಈಗ ಹೇಗಿದೆ?" ಎಂದು ಎಲ್ಲರೂ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ದಿನಕ್ಕೆ ಹತ್ತು ಸಲ ನೋವಿನ ಕಥೆ ಹೇಳಿದರೆ ದಿನವೆಲ್ಲ ನೋವೇ ಆಗುತ್ತದೆ. ನಾನು ಒಂದು ಉತ್ತರ ಇಟ್ಟುಕೊಂಡಿದ್ದೇನೆ: "ಇದೆ, ನಡೀತಿದೆ. ನಿಮ್ಮನೆ ಕೊಯ್ಲು ಮುಗೀತಾ?" ಮಾತು ಅಡಿಕೆಗೆ ಹೋಗುತ್ತದೆ, ಇಬ್ಬರಿಗೂ ಹಾಯ್. ಪೂರ್ತಿ ಹೇಳಿಕೊಳ್ಳಲು ಒಬ್ಬರೋ ಇಬ್ಬರೋ ಇರಲಿ. ನನಗೆ ಇರುವವನು ಬೈಕಿನಿಂದ ಬಿದ್ದು ತೋಳಿನ ನರ ಕಿತ್ತುಕೊಂಡ ಗೆಳೆಯ, ಫಿಸಿಯೋಥೆರಪಿ ವಾರ್ಡಿನಲ್ಲಿ ಸಿಕ್ಕವನು. ವಾರಕ್ಕೊಮ್ಮೆ ಫೋನು ಮಾಡುತ್ತೇವೆ.

ಮನೆಯಲ್ಲಿ ಸಹಾಯ ಕೇಳುವಾಗ ಬಿಡಿಸಿ ಕೇಳಿ. "ನನ್ನನ್ನು ಯಾರೂ ನೋಡುವುದಿಲ್ಲ" ಅಂದರೆ ಅವರಿಗೆ ನೋವಾಗುತ್ತದೆ, ಏನು ಮಾಡಬೇಕು ಅಂತಲೂ ಗೊತ್ತಾಗುವುದಿಲ್ಲ. "ಸಾಕ್ಸ್ ಹಾಕಲು ಐದು ನಿಮಿಷ ಬೇಕು" ಅನ್ನಿ. ನೀವೇ ಮಾಡಬಲ್ಲದ್ದನ್ನು ಮನೆಯವರು ಮಾಡಲು ಬಂದರೆ ಮೆಲ್ಲಗೆ ಬೇಡ ಅನ್ನಿ. ಶರ್ಟಿನ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿದರೂ ಅದು ನಿಮ್ಮ ಕೆಲಸ.

ಮನೆಯ ಲೆಕ್ಕದಲ್ಲಿ ನಿಮ್ಮದು ಅಂತ ಒಂದು ಕೆಲಸ ಇರಲೇಬೇಕು, ನೀವು ಮಾಡದಿದ್ದರೆ ಅದು ಉಳಿದುಬಿಡುವಂಥದ್ದು. ಮಕ್ಕಳ ಪಾಠ, ಕರೆಂಟ್ ಬಿಲ್ಲು, ಹಾಲಿನ ಲೆಕ್ಕ, ಏನಾದರೂ ಸರಿ. ಮರ ಹತ್ತುವ ದಿನ ಮುಗಿಯಿತು ಎಂಬ ದುಃಖ ನನಗೆ ಇನ್ನೂ ಇದೆ, ಅದನ್ನು ಸುಳ್ಳು ಮಾಡಲಾರೆ. ಆದರೆ ಈಗ ನಮ್ಮನೆಯ ಅಡಿಕೆ ವಿಂಗಡಿಸುವುದು ನಾನು. ಒಣಗಿಸಿ ಸುಲಿದ ಚಾಲಿ ಅಡಿಕೆಯ ರಾಶಿಯಿಂದ ಒಡಕು, ಕರಿ ಬೇರೆ ಮಾಡುವುದು, ತೂಕ ಬರೆಯುವುದು, ದರ ವಿಚಾರಿಸುವುದು. ಎತ್ತರದ ಮರಕ್ಕೆ ಈಗ ಕಾರ್ಬನ್ ಫೈಬರಿನ ಉದ್ದ ಕೋಲು, ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಔಷಧಿ ಹೊಡೆಯಬಹುದು, ಅಡಿಕೆ ಗೊನೆ ತೆಗೆಯಬಹುದು. ನಮ್ಮ ತೋಟದಲ್ಲಿ ಈಗ ಯಾರನ್ನೂ ಒದ್ದೆ ಮರ ಹತ್ತಿಸುವುದಿಲ್ಲ.

ಈ ವರ್ಷ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡಿದ್ದೂ ನಾನೇ. ಕೊಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಒಂದು ಕಿಲೋ ಮೈಲುತುತ್ತ, ಅಂದರೆ ತಾಮ್ರದ ನೀಲಿ ಉಪ್ಪು, 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ. ನೀಲಿ ನೀರನ್ನು ಸುಣ್ಣದ ನೀರಿಗೆ ಸುರಿಯುವುದು, ಕದಡುತ್ತಾ ಇರುವುದು. ಆಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಮೊದಲ ಸಲ ಅದ್ದಿದಾಗ ಸ್ವಲ್ಪ ಕೆಂಪಾಯಿತು. ಮಗಳು ಇನ್ನೊಂದು ಚೊಂಬು ಸುಣ್ಣದ ನೀರು ತಂದಳು. ಅಷ್ಟರಲ್ಲಿ ಟೈಮರ್ ಕೂಗಿತು. ಕತ್ತಿಯನ್ನು ಅವಳ ಕೈಗೆ ಕೊಟ್ಟು ಎದ್ದೆ. ಹತ್ತು ನಿಮಿಷ ಜಗಲಿಯಲ್ಲಿ ಮಲಗಿ ಮತ್ತೆ ಬಂದು ಅದ್ದಿದಾಗ ಅಲಗು ಬೆಳ್ಳಗೇ ಇತ್ತು.